ಆರನೆಯ ಫೋಟೋ

ಪೊಲೀಸರು ಕಳಿಸಿದ ಫೋಟೋ ಬೆಳಗಿನಿಂದ ಅವಳ ಮೊಬೈಲಿನಲ್ಲಿ ತೆರೆದುಕೊಳ್ಳದೆ ಕುಳಿತಿತ್ತು. ಕಣ್ಣು ಕಾಣದ ಅತ್ತೆಯ ಕೈ ಹಿಡಿದುಕೊಂಡೇ ಅವಳು ಮೊಬೈಲ್ ಅಂಗಡಿಗೆ ಬಂದಳು.

“ಇಷ್ಟ ಅವಸರ ಯಾಕ್ರಿ ಅಕ್ಕಾ, ವರನ ಫೋಟೋ ಏನು?” ಅಂಗಡಿಯವನು ನಕ್ಕ.

“ಹೊಳ್ಯಾಗ ಒಂದು ಹೆಣ ಸಿಕ್ಕೈತಂತ. ನಮ್ಮ ಮನ್ಯಾವರದ ಏನು, ನೋಡಬೇಕು.”

ಅವನ ನಗು ನಿಂತಿತು. ಮೊಬೈಲ್ ಆರಿಸಿ ಹಚ್ಚಿದ, ಸಿಮ್ ತೆಗೆದು ಒರೆಸಿ ಹಾಕಿದ. “ಎಂಎಂಎಸ್ ಸೆಟ್ಟಿಂಗ್ ತಪ್ಪಿತ್ರಿ. ಈಗ ಬರತೈತಿ. ಫೋಟೋ ದೊಡ್ಡದೈತಿ, ಸ್ವಲ್ಪ ತಡೀರಿ.”

ಗಂಡ ಹೇಳದೆ ಹೋಗಿ ನಾಲ್ಕು ವರ್ಷ. ಇಂಥ ಐದು ಫೋಟೋ ನೋಡಿ ‘ಇವರಲ್ಲ’ ಎಂದಿದ್ದಳು. ಅವನು ಹೋದಂದಿನಿಂದಲೂ ಅತ್ತೆ ಎರಡು ಹೊತ್ತು ಮಗನಿಗೊಂದು ತಟ್ಟೆ ಬಡಿಸುತ್ತಾಳೆ; ಅದು ಆರುವ ತನಕ ತಾನೂ ಉಣ್ಣುವುದಿಲ್ಲ, ಸೊಸೆಗೂ ಉಣಗೊಡುವುದಿಲ್ಲ. ಎರಡು ಸಲ ಟೀಚರ್ ಕೆಲಸ ಬಂದಾಗಲೂ ಬಾಗಿಲಿಗೆ ಅಡ್ಡ ಕೂತಿದ್ದಳು: “ಅಂವ ಬಂದಾಗ ನೀ ಮನ್ಯಾಗ ಇರಬೇಕವಾ.”

“ಬಂತೇನವಾ?”

“ಬರಾಕತ್ತೈತ್ರಿ, ಅತ್ತಿ.”

ಪರದೆಯ ಮೇಲೆ ಹಣೆ ಮೂಡಿತು. ಆಮೇಲೆ ಮುಚ್ಚಿದ ಕಣ್ಣು, ಮೂಗು. ಅವಳು ಗದ್ದಕ್ಕಾಗಿ ಕಾದಳು. ಗಂಡನ ಗದ್ದದ ಮೇಲೆ ಚಿಕ್ಕಂದಿನಲ್ಲಿ ಹೊಲಿಗೆ ಹಾಕಿದ ಗುರುತಿತ್ತು.

ಈ ಗದ್ದದ ಮೇಲೆ ಏನೂ ಇರಲಿಲ್ಲ. ಯಾರೋ, ಅವಳು ಎಂದೂ ಕಾಣದ ಮನುಷ್ಯ.

“ಹೇಳವಾ, ನಮ್ಮಂವೇನು?” ಮುದುಕಿಯ ಉಗುರು ಅವಳ ಮಣಿಕಟ್ಟಿಗೆ ನಾಟಿತು.

“ಹೌದ್ರಿ ಅತ್ತಿ,” ಎಂದಳು ಅವಳು. “ಅವರ.”