ನಲವತ್ತರಲ್ಲಿ ಒಂದು ಕೆಂಪು

ನರ್ಸ್ ಪಂಚಶೀಲಾಳನ್ನು ಕೆಲಸದಿಂದ ತೆಗೆಯುವ ಪತ್ರ ಸಂಗಮನಾಥನ ಚೀಲದಲ್ಲೇ ಇತ್ತು. ಸಹಿಯೊಂದು ಬಾಕಿ. ಅದಕ್ಕೆ ಮೊದಲು ಒಮ್ಮೆ ಕಣ್ಣಾರೆ ನೋಡಿ ಬಾ ಎಂದಿದ್ದರು ಸಂಸ್ಥೆಯ ಮುಖ್ಯಸ್ಥೆ ಡಾಕ್ಟರ್ ಸಾವಿತ್ರಿಬಾಯಿ.

ನೋಡುವುದೇನಿದೆ ಎಂದು ಅವನಿಗೆ ಅನಿಸಿತ್ತು. ಶಹಾಪುರ, ಸುರಪುರದ ಸುತ್ತಿನ ಹಳ್ಳಿಗಳಲ್ಲಿ ಸಂಸ್ಥೆಗೆ ನಲವತ್ತು ಆರೋಗ್ಯ ಕೇಂದ್ರಗಳು. ಒಂದೊಂದಕ್ಕೆ ಒಬ್ಬ ನರ್ಸ್, ಒಂದು ಬಿಪಿ ಯಂತ್ರ, ಒಂದು ಮೊಬೈಲು. ಮೂರು ವರ್ಷದಿಂದ ನರ್ಸುಗಳು ಕಳಿಸಿದ ಅಂಕಿಗಳನ್ನೆಲ್ಲ ಓದಿ, ಸುಳ್ಳು ಬರೆಯುವವರನ್ನು ಹಿಡಿಯುವ ಹೊಸ ತಂತ್ರಾಂಶವನ್ನು ಸಂಗಮನಾಥನೇ ಯಾದಗಿರಿಯ ಕಚೇರಿಗೆ ತಂದಿದ್ದ. ಸೋಮವಾರ ಅದು ಮೊದಲ ಸಲ ತೀರ್ಪು ಕೊಟ್ಟಿತು. ಮೂವತ್ತೊಂಬತ್ತು ಹಸಿರು ಚುಕ್ಕಿ. ಒಂದು ಕೆಂಪು.

ಉಳಿದವರ ಅಂಕಿಗಳು ಕಾಲುವೆಯ ನೀರಿನಂತೆ ಸಮನಾಗಿ ಹರಿಯುತ್ತಿದ್ದವು. ಪಂಚಶೀಲಾಳವು ಜಾಲಿಕಂಟಿಯ ಮುಳ್ಳಿನ ಹಾಗೆ ಅಡ್ಡಾದಿಡ್ಡಿ. ಇವತ್ತು ಇಳಿತ, ನಾಳೆ ಏರಿಕೆ. ಅವಳ ಊರಿನಲ್ಲಿ ಮಾತ್ರ ಬಿಪಿ ಇರುವವರು ಎರಡು ಪಟ್ಟು. ಉಳಿದವರು ತಲಾ ಐದು ಸಾವಿರ ಸಲ ಬಿಪಿ ನೋಡಿದ್ದರೆ ಇವಳು ನೋಡಿದ್ದು ಮೂರೇ ಸಾವಿರ ಸಲ. ಮಧ್ಯಾಹ್ನವಾದರೆ ಅವಳ ಮೊಬೈಲು ಹತ್ತಿ ಹೊಲದಲ್ಲಿರುವುದನ್ನೂ ತಂತ್ರಾಂಶ ತೋರಿಸುತ್ತಿತ್ತು.

ಭೀಮರಾಯನಗುಡಿ ದಾಟಿ ಅವನ ಜೀಪು ಊರು ಸೇರಿದಾಗ ಹನ್ನೊಂದು ಗಂಟೆ. ಕೇಂದ್ರದ ಗೋಡೆ ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು. ಇಳಿಸಿ ತಿರುವಿದ. ಹಿಂದೆ ಸೆಲ್ ಇರಲಿಲ್ಲ.

"ಇದರ ಸೆಲ್ಲ ಎಲ್ಲಿ ಹೋತು?"

"ನಾನೇ ತಗದೀನ್ರಿ ಸರ," ಎಂದಳು ಪಂಚಶೀಲಾ. "ಕೂಡ್ರಿ. ಬಿಸಲಾಗ ಬಂದೀರಿ, ಮಜ್ಜಗಿ ಕುಡೀರಿ."

ಅವನು ಮಜ್ಜಿಗೆ ಮುಟ್ಟಲಿಲ್ಲ. ಸ್ಟೋರ್ ನೋಡಿಕೊಳ್ಳುವ ಶರೀಫಸಾಬ ಹಿಂದಿನ ದಿನ ಹೇಳಿದ್ದು ನೆನಪಾಯಿತು. ಈಕೆ ಹದಿನಾಲ್ಕು ಸಲ ಸೆಲ್ಲಿಗೆ ಅರ್ಜಿ ಬರೆದಿದ್ದಳು, ಹದಿನಾಲ್ಕು ಸಲ ಒಯ್ದಿದ್ದಳು. "ಆ ನರ್ಸಬಾಯಿ ಸೆಲ್ಲ ತಿಂತಾಳೋ ಏನೋ," ಎಂದು ಅವನು ನಕ್ಕಿದ್ದ. ಮನೆಯ ಟಾರ್ಚಿಗೆ ಸ್ಟೋರಿನದು ಸಾಲದೆ ಗಡಿಯಾರದ್ದನ್ನೂ ಕಿತ್ತಿದ್ದಾಳೆ ಎಂದು ಸಂಗಮನಾಥ ಬರೆದುಕೊಂಡ.

ಮೇಜಿನ ಮೇಲಿನ ಬಿಪಿ ಯಂತ್ರ ನೋಡಿ ಅವನಿಗೆ ಇನ್ನಷ್ಟು ಸಿಟ್ಟು ಬಂತು. ತೋಳಿಗೆ ಸುತ್ತುವ ಪಟ್ಟಿ ಎಳೆ ಎದ್ದು ಜೂಲಾಗಿತ್ತು. ಅಂಟುವ ಭಾಗ ಸವೆದು, ಅಲ್ಲಿ ಹಳೆಯ ಸೀರೆಯ ಅಂಚು ಹೊಲಿದಿತ್ತು. ದಾರಿಯಲ್ಲಿ ಇಳಿದು ನೋಡಿದ ಪಕ್ಕದೂರಿನ ಕೇಂದ್ರದಲ್ಲಿ ಇದೇ ಯಂತ್ರ ಹೊಸದರಂತೆ ಹೊಳೆಯುತ್ತಿತ್ತು.

ಅಷ್ಟರಲ್ಲಿ ಕೂಲಿಯ ಮರಿಲಿಂಗಮ್ಮ ಏದುಸಿರು ಬಿಡುತ್ತ ಬಂದಳು. ಪಂಚಶೀಲಾ ತನ್ನ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು ಅವಳನ್ನು ಕೂರಿಸಿದಳು. ನೀರು ಕೊಟ್ಟಳು. "ಮಾತಾಡಬ್ಯಾಡವ್ವ, ಸುಮ್ನ ಕೂಡು," ಎಂದು ಐದು ನಿಮಿಷ ಕಾದಳು. ಅಂಕಿ ಹೊಂದಿಸಿಕೊಳ್ಳಲು ಅಷ್ಟು ಹೊತ್ತು ಬೇಕೇನೋ ಎಂದುಕೊಂಡ ಸಂಗಮನಾಥ. ಅವನು ಗಡಿಯಾರದ ಫೋಟೊ ತೆಗೆದು ತಿರುಗುವಷ್ಟರಲ್ಲಿ ಅಂಕಿ ಬರೆದಾಗಿತ್ತು. ನೂರಾ ಅರವತ್ತೇಳು, ತೊಂಬತ್ತೆಂಟು.

"ಇಷ್ಟ ಹೆಂಗ ಬರ್ತದ? ನಮ್ಮ ಕಂಪ್ಯೂಟರ್ ಒಪ್ಪಂಗಿಲ್ಲ."

"ನಿಮ್ಮ ಕಂಪೂಟರ ನನ್ನ ತೋಳ ಯಾವಾಗ ಮುಟ್ಟಿತ್ರೀ ಸಾಹೇಬ್ರ?" ಎಂದಳು ಮರಿಲಿಂಗಮ್ಮ.

ಹೇಳಿಕೊಟ್ಟ ಮಾತು. ಅವನು ಪಂಚಶೀಲಾಳ ಕಡೆ ತಿರುಗಿದ. "ಮಧ್ಯಾನ ಹೊಲದಾಗ ನಿಮ್ದೇನ ಕೆಲಸ?"

"ಹತ್ತಿ ಬಿಡಸೋರು ಇಲ್ಲೀತನಕ ಬಂದ್ರ ಅರ್ಧ ದಿನದ ಕೂಲಿ ಹೋಗ್ತದ್ರಿ. ಅದಕ್ಕ ನಾನೇ ಹೋಗ್ತೀನಿ."

"ಬರದದ್ದೆಲ್ಲ ಖರೇ ಏನು?"

ಅವಳು ಪಟ್ಟಿಯನ್ನು ಮೆಲ್ಲಗೆ ಸುತ್ತಿ ಇಟ್ಟಳು. "ಬಂದದ್ದ ಬರದೀನ್ರಿ."

ತಪ್ಪಿಲ್ಲದವರು ಇಷ್ಟಕ್ಕೇ ನಿಲ್ಲಿಸುತ್ತಾರೆಯೇ ಎಂದುಕೊಂಡ ಸಂಗಮನಾಥ. ಜೀಪು ಹೊರಡುವಾಗ, ಅವನು ಕುಡಿಯದ ಮಜ್ಜಿಗೆಯನ್ನು ಅವಳು ಬಾಟಲಿಗೆ ತುಂಬಿ ಡ್ರೈವರನ ಕೈಗೆ ಕೊಟ್ಟಳು. ಓಲೈಸುವ ಪ್ರಯತ್ನ ಎಂದು ಅದನ್ನೂ ವರದಿಗೆ ಸೇರಿಸಿದ.

ಸಂಜೆ ಸಾವಿತ್ರಿಬಾಯಿಯವರ ಕೋಣೆಯಲ್ಲಿ ಮೂಲೆಯ ಮೇಜಿನ ಮೇಲೆ ಮೂವತ್ತೊಂಬತ್ತು ಶಾಲುಗಳನ್ನು ಮಡಿಚಿ ಇಟ್ಟಿದ್ದರು. ಹಸಿರು ಚುಕ್ಕಿಯವರಿಗೆ ಶುಕ್ರವಾರ ಸನ್ಮಾನ. ಸಾವಿತ್ರಿಬಾಯಿ ವರದಿಯನ್ನು ನಿಧಾನವಾಗಿ ಓದಿದರು. ಪೆನ್ನಿನ ಮುಚ್ಚಳ ತೆಗೆದರು. ಸಹಿಯ ಜಾಗಕ್ಕೆ ಬಂದ ಪೆನ್ನು ಹಿಂದಕ್ಕೆ ಸರಿದು, ಒಂದು ಸಾಲಿನ ಕೆಳಗೆ ನಿಂತಿತು.

"ಹದಿನಾಲ್ಕ ಸಲ ಸೆಲ್ಲ ಒಯ್ದಾಳ ಅಂತ ಬರದೀಯಲ್ಲ. ಉಳದವ್ರು?"

"ಅದನ್ನ ನೋಡಿಲ್ರಿ ಮೇಡಂ. ಅವ್ರೆಲ್ಲ ಹಸಿರು ಅದಾರ."

ಅವರು ಶರೀಫಸಾಬನನ್ನು ಸ್ಟೋರಿನ ರಿಜಿಸ್ಟರ್ ಸಮೇತ ಕರೆಸಿದರು.

"ಶರೀಫಸಾಬ್, ಬಿಪಿ ಮಷೀನಿಗೆ ಒಂದ ಸಲ ಸೆಲ್ಲ ಹಾಕಿದ್ರ ಎಷ್ಟ ಮಂದೀದು ನೋಡಬಹುದು?"

"ಎರಡ ನೂರ ಮಂದೀದ್ರಿ. ಭಾಳಂದ್ರ ಎರಡೂವರಿ ನೂರು. ಆಮ್ಯಾಲ ಮಷೀನ ಸತ್ತಂಗನ."

"ಹೊರಗ ಕೊಂಡ ಹಾಕಿರಬಹುದಲ್ಲ?"

"ಸ್ವಂತ ರೊಕ್ಕದಾಗ ಯಾರ ಹಾಕ್ತಾರ್ರಿ? ಪೆನ್ನಿನ ರೀಫಿಲ್ಲಿಗೂ ನನ್ನ ಕಡೀನೇ ಬರ್ತಾರ."

ಅವನು, ಸೆಲ್ಲು ಒಯ್ದವರು ಸಹಿ ಹಾಕುವ ಪುಟ ತೆರೆದು, ರಿಜಿಸ್ಟರನ್ನು ಇಬ್ಬರಿಗೂ ಕಾಣುವಂತೆ ಮೇಜಿನ ಮೇಲೆ ತಿರುಗಿಸಿ ಇಟ್ಟ. ಸಾವಿತ್ರಿಬಾಯಿ ಪೆನ್ನಿಗೆ ಮುಚ್ಚಳ ಹಾಕಿದರು. ಶಾಲುಗಳ ಕಡೆ ಒಮ್ಮೆ ನೋಡಿದರು.

ನಲವತ್ತು ಕೇಂದ್ರಗಳ ಮೂರು ವರ್ಷದ ಆ ಪುಟದಲ್ಲಿ ಇದ್ದದ್ದು ಹದಿನಾಲ್ಕೇ ಸಹಿ. ಹದಿನಾಲ್ಕೂ ಪಂಚಶೀಲಾಳವು.