ಈಶ್ವರಭಕ್ತ ಹಾವುಮೀನು

ಕಡಲ ಕಡೆಯಿಂದ ಬರುವ ಹಾವುಮೀನಿನ ಮರಿಗಳು ಅಣೆಕಟ್ಟು ದಾಟಿ ಹೊಳೆಯ ಮೇಲಕ್ಕೆ ಹೋಗಲೆಂದು ಸುಮೇಧಾ ತೆಂಗಿನ ನಾರಿನ ಏಣಿಯೊಂದನ್ನು ಕಟ್ಟಿಸಿದ್ದಳು. ಮರಿಗಳು ಯಾವಾಗ, ಯಾಕೆ ಏರುತ್ತವೆ ಎಂದು ಈ ವಾರ ಹೇಳದಿದ್ದರೆ ಏಣಿ ಕಿತ್ತು ಬಿಸಾಡುವುದಾಗಿ ಇಲಾಖೆಯ ಮೇಲಧಿಕಾರಿಗಳು ಪತ್ರ ಬರೆದಿದ್ದರು.

ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಏಣಿಯ ತುದಿಯಲ್ಲಿ ಕೂತು ಎಣಿಸಿದ್ದೇ ಎಣಿಸಿದ್ದು. ನೀರು ತಣ್ಣಗಿರಲಿ, ಬೆಚ್ಚಗಿರಲಿ, ಅಮಾವಾಸ್ಯೆಯಿರಲಿ, ಕೆಂಪು ನೆರೆಯೇ ಬರಲಿ, ಮರಿಗಳಿಗೆ ಯಾವುದರ ಪರಿವೆಯೂ ಇಲ್ಲ. ಸೋಮವಾರ ಬಂತೆಂದರೆ ನೂರಾರು. ಉಳಿದ ದಿನ ಐದೋ ಆರೋ. ಇವತ್ತೂ ನೂರಾರು; ಎಣಿಸಿ ಎಣಿಸಿ ಅವಳ ಕಣ್ಣು ಸೋತಿತ್ತು.

"ಮೀನಿಗೆ ವಾರ ಹೇಗೆ ಗೊತ್ತಾಗುತ್ತೆ ಕೊಗ್ಗಣ್ಣ?"

ಅಣೆಕಟ್ಟಿನ ಹಲಗೆ ಎತ್ತಿ ಇಳಿಸುವ ಕೊಗ್ಗಣ್ಣ ಮುಗಿಲಿಗೆ ಕೈ ಮುಗಿದ. "ಈಶ್ವರನ ಭಕ್ತರಿರ್ಕ್ ಮೇಡಂ. ನಿಮ್ಮ ಲೆಕ್ಕಕ್ಕೆ ಸಿಕ್ಕುದಲ್ಲ ಅದ್."

ವರದಿಯಲ್ಲಿ ಅದನ್ನೇ ಬರೆದುಬಿಡೋಣ ಅನ್ನಿಸಿತು ಅವಳಿಗೆ. ತಲೆ ಕೆಟ್ಟು, ಊಟಕ್ಕೆಂದು ಕೊಗ್ಗಣ್ಣನ ಮನೆಗೆ ನಡೆದಳು. ಈ ಊರಿಗೆ ಬಂದ ದಿನದಿಂದ ಅವಳ ಊಟ ಅಲ್ಲೇ; ಎಣಿಕೆ ಮುಗಿಯದ ಸೋಮವಾರಗಳಲ್ಲಿ ಮಾತ್ರ ಏಣಿಯ ಬಳಿಯೇ ಬಿಸ್ಕತ್ತು ತಿಂದು ಮುಗಿಸುತ್ತಿದ್ದಳು. ಅವನ ಹೆಂಡತಿ ಮುತ್ತಕ್ಕ ಗಂಜಿ ಬಡಿಸಿ, ಪಕ್ಕಕ್ಕೆ ತೊಂಡೆಕಾಯಿ ಪಲ್ಯ ಹಾಕಿದಳು. ಸುಮೇಧಾಳ ಮುಖ ಸಪ್ಪಗಾಯಿತು.

"ದಿನಾ ಹುರಿದು ಕೊಡ್ತಿದ್ರಲ್ಲ ಮುತ್ತಕ್ಕ, ಆ ಗರಿಗರಿ ಸಣ್ಣ ಮೀನು? ಅದಿಲ್ಲದೆ ಗಂಜಿ ಇಳಿಯಲ್ಲ ನಂಗೆ."

"ಇವತ್ತ್ ಸೋಮಾರ ಅಲ್ದಾ?" ಮುತ್ತಕ್ಕ ಗಲ್ಲಕ್ಕೆ ಕೈಯಿಟ್ಟಳು. "ಮೀನ್ ಮುಟ್ಟುಕಾಗ. ಸೋಮಾರ ಒಂದಿನ ಇವ್ರ್ ನಿಮ್ಮ ಏಣಿ ಬುಡದಲ್ಲಿ ಬುಟ್ಟಿ ಇಡುದಿಲ್ಲೆ."