ಮೇಷ್ಟ್ರ ಉಗುರು

ಗಣಿತದ ಚಂದ್ರಮೌಳಿ ಮೇಷ್ಟ್ರು ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಹಾಗೇ ಕುಸುಮಳ ಮನೆಗೆ ಬಂದಿದ್ದರು. ಗೇಣುದ್ದದ ಉಗುರುಗಳ ನಡುವೆ ಬೇವಿನೆಣ್ಣೆಯ ಸೀಸೆಯೊಂದು ಸಿಕ್ಕಿಕೊಂಡಿತ್ತು.

"ನಿಮ್ಮ ಇಂಚರಳ ಬೆರಳಿಗೆ ದಿನಾ ಇದನ್ನ ಹಚ್ಚಿ. ಉಗುರು ಕಚ್ಚೋದು ಕೆಟ್ಟ ಚಾಳಿ. ಮಗು ಒಳ್ಳೇದಕ್ಕೇ ಹೇಳ್ತಿದೀನಿ."

ಮಕ್ಕಳು ಕಚ್ಚಿದಷ್ಟು ಉಗುರು ಆ ಕ್ಷಣವೇ ಅವರನ್ನು ಹೆದರಿಸಿದವರ ಬೆರಳಲ್ಲಿ ಬೆಳೆಯುವುದು ಆ ಊರಿಗೆ ಹೊಸದೇನಲ್ಲ. ಅದಕ್ಕೆ ಯಾವ ಕತ್ತರಿಯೂ ನಾಟದು. ಮಗಳ ಬೆರಳ ತುದಿಯಲ್ಲಿ ರಕ್ತ ಕಂಡ ದಿನ ಕುಸುಮ ಮೊದಲು ತನ್ನ ಕೈ ನೋಡಿಕೊಂಡಿದ್ದಳು, ಆಮೇಲೆ ಗಂಡನದು. ಈಗ ಮೇಷ್ಟ್ರದನ್ನು ನೋಡಿದಳು.

"ಕಳೆಯೋ ಲೆಕ್ಕ ತಪ್ಪಿತು ಅಂತ ಬೆಂಚಿನ ಮೇಲೆ ನಿಲ್ಲಿಸಿ, ಕ್ಲಾಸಿನವರೆಲ್ಲರ ಕೈಲಿ 'ದಡ್ಡಿ' ಅಂತ ಕೂಗಿಸಿದ್ದು ನೀವೇನಾ? ನಾಳೆ ಹೆಡ್ಮಾಸ್ಟರ ಹತ್ರ ಬರ್ತೀನಿ."

"ಅಯ್ಯೋ, ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕಮ್ಮ?"

ಕುಸುಮ ಮತ್ತೊಮ್ಮೆ ಆ ಉಗುರುಗಳನ್ನು ನೋಡಿದಳು.

"ನಿಜ ಮೇಷ್ಟ್ರೇ. ಕೊಡಲಿ ಬೇಡ. ಉಗುರೇ ಸಾಕು."

ಸೀಸೆ ಇಸಿದುಕೊಂಡು ಎಣ್ಣೆಯನ್ನೆಲ್ಲ ಚರಂಡಿಗೆ ಸುರಿದಳು. ಮಗಳನ್ನು ನಲ್ಲಿಯ ಹತ್ತಿರ ಕರೆದು, ಇಷ್ಟು ದಿನ ತಾನೇ ಹಚ್ಚುತ್ತಿದ್ದ ಹಾಗಲಕಾಯಿ ರಸವನ್ನು ಸೋಪು ಹಾಕಿ ತೊಳೆದಳು.

"ಇನ್ನು ನಿನ್ನಿಷ್ಟ ಕಣೇ."

ಇಂಚರ ಮೊದಲ ಸಲ ಮೇಷ್ಟ್ರ ಮುಖವನ್ನು ನೇರವಾಗಿ ನೋಡುತ್ತ ಕಿರುಬೆರಳನ್ನು ಬಾಯಿಗಿಟ್ಟುಕೊಂಡಳು. ಕಟಕ್ ಎಂದಿತು. ಮೇಷ್ಟ್ರು ಗಾಬರಿಯಿಂದ ಕೈಯನ್ನು ಜೇಬಿಗೆ ತುರುಕಿದರು. ಜೇಬು ಪರ್ರನೆ ಹರಿದು ಉಗುರು ಹೊರಗೆ ಬಂತು.

"ಹತ್ತರಲ್ಲಿ ಒಂದು ಹೋದ್ರೆ ಒಂಬತ್ತು," ಎಂದಳು ಇಂಚರ. "ಸರಿನಾ, ಸಾರ್?"